ಮಾನಿಟರ್ ಬಣ್ಣ ಕೆಟ್ಟಿತೇ? ಹೊಸದು ಕೊಳ್ಳೋ ಮುಂಚೆ ಒಂದು ಬಟನ್ ಒತ್ತಿ

ಬಿಳಿ ಎಕ್ಸೆಲ್ ಶೀಟ್ ಇದ್ದಕ್ಕಿದ್ದಂತೆ ರಾಣಿ ಬಣ್ಣಕ್ಕೆ ತಿರುಗಿದರೆ ‘ಮಾನಿಟರ್ ಹೋಯ್ತು, ಹತ್ತು ಸಾವಿರ ಖರ್ಚು ಬಂತು’ ಅಂತ ಎದೆ ಧಸಕ್ಕನ್ನುತ್ತೆ. ಸ್ವಲ್ಪ ತಡೀರಿ.

ಮಾನಿಟರಿನ ಅಂಚಿನಲ್ಲೋ ಹಿಂದೆಯೋ ಇರೋ ಮೆನು ಬಟನ್ ಒತ್ತಿ. ಆ ಮೆನು ಮೂಡಿಸೋದು ಮಾನಿಟರೇ, ಕಂಪ್ಯೂಟರ್ ಅಲ್ಲ. ಉಳಿದದ್ದೆಲ್ಲ ಬಣ್ಣಗೆಟ್ಟು ಮೆನು ಮಾತ್ರ ಸರಿಯಾಗಿ ಕಂಡರೆ ಪರದೆ ಗಟ್ಟಿಯಾಗಿದೆ ಅಂತಲೇ ಲೆಕ್ಕ. ಆಮೇಲೆ ಒಂದು ಸ್ಕ್ರೀನ್‌ಶಾಟ್ ತೆಗೆದು ಫೋನಿಗೆ ಕಳಿಸಿ. ಅಲ್ಲೂ ಬಣ್ಣ ಕೆಟ್ಟಿದ್ದರೆ ಫೈಲ್ ಅಥವಾ ಸಾಫ್ಟ್‌ವೇರ್ ಮೇಲೆ ಅನುಮಾನ ಪಡಿ. ಫೋನಲ್ಲಿ ಚೆನ್ನಾಗಿದ್ದರೆ ಕೇಬಲ್ ಕಡೆ ನೋಡಿ.

ಹುಬ್ಬಳ್ಳಿಯಲ್ಲಿರೋ ನಮ್ಮಕ್ಕ ಮನೆಯಿಂದಲೇ ಇಳಕಲ್ ಸೀರೆ ಮಾರ್ತಾಳೆ. ಫೋಟೊ ತೆಗೆದು, ಕಂಪ್ಯೂಟರಿನಲ್ಲಿ ಬಣ್ಣ ತಿದ್ದಿ ವಾಟ್ಸ್ಆ್ಯಪ್‌ನಲ್ಲಿ ಕಳಿಸೋದು. ಹಬ್ಬದ ಹೊತ್ತಿಗೇ ಮೂರು ಸೀರೆ ವಾಪಸ್ ಬಂದವು. ‘ಫೋಟೊದಾಗ ಒಂದ್ ಬಣ್ಣ, ಕೈಗೆ ಬಂದಿದ್ದ ಬ್ಯಾರೆ’ ಅಂತ ಗಿರಾಕಿಗಳು. ಹೋಗಿ ಬರೋ ಕೊರಿಯರ್ ಖರ್ಚೆಲ್ಲ ಅಕ್ಕನ ತಲೆಗೆ. ರಿಪೇರಿಯವನು ನೋಡಿ, ಪ್ಯಾನೆಲ್ ಹೋಗಿದೆ, ಹೊಸ ಮಾನಿಟರ್ ತಗೊಳ್ಳಿ ಅಂದುಬಿಟ್ಟ.

ನಾನು ಮೆನು ಒತ್ತಿದೆ. ಮೆನು ಚೆನ್ನಾಗೇ ಇತ್ತು! ಹಿಂದೆ ಕೈ ಹಾಕಿದರೆ ಹಳೇ ವಿಜಿಎ ಕೇಬಲ್, ಸ್ಕ್ರೂ ಕೂಡ ಬಿಗಿದಿರಲಿಲ್ಲ. ಅದರ 15 ಪಿನ್‌ಗಳಲ್ಲಿ ಮೊದಲ ಮೂರು ಕ್ರಮವಾಗಿ ಕೆಂಪು, ಹಸಿರು, ನೀಲಿ ಬಣ್ಣಗಳನ್ನು ಒಯ್ಯುತ್ತವೆ. ಹಸಿರು ಕಮ್ಮಿಯಾದರೆ ಬಿಳಿಗೆ ರಾಣಿ ಬಣ್ಣದ ಛಾಯೆ, ನೀಲಿ ಕಮ್ಮಿಯಾದರೆ ಹಳದಿ, ಕೆಂಪು ಕಮ್ಮಿಯಾದರೆ ತಿಳಿ ನೀಲಿ-ಹಸಿರು. ಇಲ್ಲಿ ಎರಡನೇ ಪಿನ್ ಬಾಗಿ, ಹಸಿರು ಅರೆಬರೆ ತಲುಪ್ತಿತ್ತು. ಗುಲಾಬಿಯಾಗಿ ಕಾಣೋ ಪರದೆ ನೋಡಿಕೊಂಡು ಅಕ್ಕ ಪ್ರತಿ ಫೋಟೊಗೂ ಹಸಿರು ಸೇರಿಸ್ತಿದ್ದಳು. ಗಿರಾಕಿಯ ಫೋನಿನಲ್ಲಿ ಸೀರೆ ಬೇರೆಯಾಗಿ ಕಾಣದೆ ಇನ್ನೇನು? ಇನ್ನೂರು ರೂಪಾಯಿಯ ಕೇಬಲ್ ಹಾಕಿದ ಮೇಲೆ ಬಿಳಿ ಬಿಳಿಯಾಯ್ತು.

ಎಲ್ಲ ಸಲವೂ ಕೇಬಲ್ಲೇ ಕಾರಣ ಅಂತಲ್ಲ. ಸಂಜೆಯಾದರೆ ಮಾತ್ರ ಪರದೆ ಹಳದಿಯಾದರೆ ವಿಂಡೋಸ್‌ನ ನೈಟ್ ಲೈಟ್ ಆನ್ ಇರುತ್ತೆ. ಅದು ಸ್ಕ್ರೀನ್‌ಶಾಟ್‌ನಲ್ಲಿ ಕಾಣಲ್ಲ. ಎಲ್ಲವೂ ಕಪ್ಪು-ಬಿಳುಪಾದರೆ ವಿಂಡೋಸ್, ಕಂಟ್ರೋಲ್, ಸಿ ಮೂರನ್ನೂ ಒಟ್ಟಿಗೆ ಒತ್ತಿ ನೋಡಿ, ಕಲರ್ ಫಿಲ್ಟರ್ ಆನ್ ಆಗಿರಬಹುದು. (ಮನೆಯಲ್ಲಿ ಮಕ್ಕಳಿದ್ದರೆ ಇದು ಆಗೇ ಆಗುತ್ತೆ.) ಎಚ್‌ಡಿಎಂಐನಲ್ಲಿ ಕಪ್ಪು ಬಣ್ಣ ಬೂದಿ ಬಳಿದಂತೆ ಕಂಡರೆ ಕಂಪ್ಯೂಟರ್ 16ರಿಂದ 235ರವರೆಗಿನ ‘ಲಿಮಿಟೆಡ್’ ಶ್ರೇಣಿ ಕಳಿಸ್ತಿರಬಹುದು. ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ 0–255ರ ‘ಫುಲ್’ ಆಯ್ಕೆ ಮಾಡಿ.

ಮೆನುವೇ ಬಣ್ಣಗೆಟ್ಟಿದ್ದರೆ ಅದರೊಳಗಿನ ಫ್ಯಾಕ್ಟರಿ ರೀಸೆಟ್ ಒಮ್ಮೆ ಮಾಡಿ. ಆಗಲೂ ಸರಿಹೋಗದಿದ್ದರೆ ಹಳೇ ಬಿಲ್ ಹುಡುಕಿ. ಮೂರು ವರ್ಷ ವಾರಂಟಿ ಇರೋ ಮಾನಿಟರ್‌ಗಳು ಬೇಕಾದಷ್ಟಿವೆ.