ಎರಡನೇ ಕೀ ಎಲ್ಲಿ?

ಗಲ್ಫ್‌ನಿಂದ ಬರುತ್ತಿದ್ದ ಹಳೆಯ ಆಲ್ಬಮ್‌ಗಳನ್ನು ಒಮ್ಮೆ ತೆಗೆದು ನೋಡಿ. ನಮ್ಮ ಹೆಚ್ಚಿನ ಮನೆಗಳಲ್ಲಿ ಆ ಒಂದು ಫೋಟೋ ಇದ್ದೇ ಇರುತ್ತದೆ. ಬಿಳಿ ಲ್ಯಾಂಡ್ ಕ್ರೂಸರ್, ಅದರ ಬಾನೆಟ್ಟಿಗೆ ಒರಗಿ ನಿಂತ ಕಾಕನೋ ಮಾಮನೋ, ಹಿಂದೆ ಮರಳು. ಗಾಡಿ ಅವರದ್ದಲ್ಲ, ಅರ್ಬಾಬ್‌ದು. ಅದನ್ನು ತೊಳೆದವರು, ಓಡಿಸಿದವರು, ಗ್ಯಾರೇಜಿನಲ್ಲಿ ಅದರ ಅಡಿಗೆ ಮಲಗಿ ಬೋಲ್ಟು ಬಿಚ್ಚಿದವರು ನಮ್ಮವರು.

ಈಗ ಕಾಲ ಬದಲಾಗಿದೆ. ಆ ಫೋಟೋ ನೋಡಿ ಬೆಳೆದ ಮಕ್ಕಳ ಕೈಯಲ್ಲಿ ನಾಲ್ಕು ಕಾಸು ಉಂಟು. ಹೊಸ ಲ್ಯಾಂಡ್ ಕ್ರೂಸರ್‌ಗೆ ಇಲ್ಲಿ ಎರಡು ಕೋಟಿ ರೂಪಾಯಿ ಮೀರುತ್ತದೆ, ಅದು ಬಿಡಿ. ಆದರೆ ಸೆಕೆಂಡ್ ಹ್ಯಾಂಡ್‌ನಲ್ಲಿ ದೊಡ್ಡ ಹೆಸರಿನ ಫೋರ್ ವೀಲ್ ಡ್ರೈವ್ ಗಾಡಿಗಳು ಅರ್ಧಕ್ಕರ್ಧ ಬೆಲೆಗೆ ಸಿಗುತ್ತವೆ. ಕೊಳ್ಳುವುದೋ ಬೇಡವೋ ಎಂಬ ಚರ್ಚೆ ಈಗ ಹಲವು ಮನೆಗಳಲ್ಲಿ ನಡೆಯುತ್ತಿದೆ. ಅಂತಹ ಒಂದು ಮನೆಯ ಮಾತುಕತೆಯಲ್ಲಿ ನಾವೂ ಕುಳಿತಿದ್ದೆವು.

ಮನೆಯ ಹಿರಿಯರು ಜಿದ್ದಾದಲ್ಲಿ 28 ವರ್ಷ ಮೆಕ್ಯಾನಿಕ್ ಆಗಿ ದುಡಿದು ಊರಿಗೆ ಬಂದವರು. ಊರಲ್ಲೆಲ್ಲ ಅವರನ್ನು ಕಾಕ ಎಂದೇ ಕರೆಯುತ್ತಾರೆ. ಅವರ ಮಗನಿಗೆ ಬೇರೆ ರಾಜ್ಯದ ಒಂದು ಗಾಡಿ ಕಣ್ಣಿಗೆ ಬಿದ್ದಿತ್ತು. ಐದು ವರ್ಷ ಹಳೆಯದು, ಬೆಲೆ 45 ಲಕ್ಷ. ಅದರಲ್ಲಿ ಅರ್ಧದಷ್ಟು ಉಪ್ಪ ಜಾಗ ತೆಗೆಯಲು ಇಟ್ಟಿದ್ದ ಹಣ.

“ಮೋನೇ, ಗಾಡಿ ಒಳ್ಳೆಯದೇ. ಆದರೆ ಮರುಭೂಮಿಯಲ್ಲಿ ಹಾಳಾಗದ ಗಾಡಿ ನಮ್ಮ ಮನೆ ಅಂಗಳದಲ್ಲಿ ಹಾಳಾಗ್ತದೆ. ಅದು ನಿನಗೆ ಗೊತ್ತುಂಟಾ?” ಎಂದು ಕಾಕ ಕೇಳಿದರು.

ಮಗನ ಜತೆ ನಮಗೂ ಆ ಮಾತು ಮೊದಲು ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು.

ಲ್ಯಾಂಡ್ ಕ್ರೂಸರ್ ವಂಶದ ಮೊದಲ ಗಾಡಿ 1951ರದ್ದು, ಆ ಹೆಸರು ಬಂದದ್ದು 1954ರಲ್ಲಿ. ಬ್ರಿಟನ್ನಿನ ಲ್ಯಾಂಡ್ ರೋವರ್ ಅದಕ್ಕೂ ಮೊದಲು, 1948ರಲ್ಲಿ ಬಂತು. ಆಗ ಎರಡೂ ಹೊಲ, ಗುಡ್ಡ, ಸೈನ್ಯಕ್ಕೆಂದು ಮಾಡಿದ ಕೆಲಸದ ಗಾಡಿಗಳು. ಕೆಟ್ಟರೆ ಒಂದು ಪಾನಾ, ಒಂದು ಸುತ್ತಿಗೆ ಸಾಕಿತ್ತು. 1970ರಲ್ಲಿ ರೇಂಜ್ ರೋವರ್ ಬಂದ ಮೇಲೆ ಗುಡ್ಡ ಹತ್ತುವ ಗಾಡಿಗೂ ಸುಖದ ಆಸೆ ಸೇರಿತು. ಅದೇ ಕಂಪನಿಯನ್ನು 2008ರಲ್ಲಿ ನಮ್ಮ ಟಾಟಾ ಖರೀದಿಸಿತು.

ಇಂದಿನ ಗಾಡಿಗಳ ಶಕ್ತಿ ಹೆಚ್ಚಾಗಿದೆ, ಸುಖ ಹೆಚ್ಚಾಗಿದೆ. ಅದರೊಟ್ಟಿಗೆ ಕೆಡುವ ವಸ್ತುಗಳೂ ಹೆಚ್ಚಾಗಿವೆ. ಹಲವು ಐಷಾರಾಮಿ ಗಾಡಿಗಳಲ್ಲಿ ಸ್ಪ್ರಿಂಗ್ ಬದಲಿಗೆ ಗಾಳಿ ತುಂಬಿದ ರಬ್ಬರಿನ ಚೀಲಗಳಿರುತ್ತವೆ. ವರ್ಷ ಕಳೆದಂತೆ ರಬ್ಬರು ಬಿರಿಯುತ್ತದೆ, ಗಾಳಿ ಸೋರುತ್ತದೆ, ಗಾಳಿ ತುಂಬುವ ಕಂಪ್ರೆಸರ್ ವಿಶ್ರಾಂತಿಯಿಲ್ಲದೆ ಓಡಿ ಸುಟ್ಟು ಹೋಗುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಗಾಡಿ ಒಂದು ಬದಿಗೆ ಕುಳಿತುಬಿಟ್ಟಿರುತ್ತದೆ. ಗಾಡಿ ಹಳೆಯದಾದರೂ ಅದರ ಪಾರ್ಟ್ಸ್‌ಗೆ ಹೊಸ ಗಾಡಿಯದ್ದೇ ರೇಟು.

ಎರಡನೆಯದು ಡಿಪಿಎಫ್. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಮೇಲೆ ಡೀಸೆಲ್ ಗಾಡಿಗಳ ಹೊಗೆಯ ಮಸಿಯನ್ನು ಹಿಡಿಯುವ ಈ ಫಿಲ್ಟರ್ ಇಲ್ಲಿ ಸಾಮಾನ್ಯವಾಯಿತು. ಹಿಡಿದ ಮಸಿ ಒಳಗೇ ಸುಟ್ಟು ಬೂದಿಯಾಗಬೇಕಾದರೆ ಗಾಡಿ ಹೈವೇಯಲ್ಲಿ ಇಪ್ಪತ್ತು ಮೂವತ್ತು ನಿಮಿಷ ಒಂದೇ ವೇಗದಲ್ಲಿ ಓಡಬೇಕು. ನಮ್ಮವರು ಓಡಿಸುವುದು ಎಲ್ಲಿಗೆ? ಮಸೀದಿ, ಮೀನು ಮಾರ್ಕೆಟ್, ಮಕ್ಕಳ ಶಾಲೆ, ಮದುವೆ ಹಾಲ್. ಒಂದೂ ಐದು ಕಿಲೋಮೀಟರ್ ದಾಟುವುದಿಲ್ಲ. ಮಸಿ ಕಟ್ಟಿಕೊಂಡು ಲೈಟು ಉರಿಯುತ್ತದೆ, ಮತ್ತೆ ಶೋರೂಮಿಗೆ ಓಡುವುದು. ಕಾಕನ ಸಲಹೆ ಸರಳ. ವಾರಕ್ಕೊಮ್ಮೆ ಗಾಡಿಯನ್ನು ಉಡುಪಿ ತನಕ ಓಡಿಸಿ ಬನ್ನಿ. ಆಗದಿದ್ದರೆ ಡೀಸೆಲ್ ಗಾಡಿಯೇ ಬೇಡ.

ಮೂರನೆಯದು ನಮ್ಮ ಕರಾವಳಿಯ ಗಾಳಿ ಮತ್ತು ಮಳೆ. ಉಪ್ಪಿನ ಗಾಳಿಗೆ ಗಾಡಿಯ ಅಡಿಭಾಗದ ಕಬ್ಬಿಣ ತುಕ್ಕು ಹಿಡಿಯುತ್ತದೆ. ಆದ್ದರಿಂದ ಅಡಿಯನ್ನು ಆಗಾಗ ಸಿಹಿನೀರಿನಲ್ಲಿ ತೊಳೆಸಬೇಕು. ಇನ್ನು ನೀರಿನಲ್ಲಿ ಇಳಿಸುವ ಹುಚ್ಚು. ಹೊಸ ಡಿಫೆಂಡರ್ 900 ಮಿಲಿಮೀಟರ್ ನೀರಿನಲ್ಲಿ ಹೋಗಬಲ್ಲದು, ಲ್ಯಾಂಡ್ ಕ್ರೂಸರ್ 300 ಹೋಗುವುದು 700 ಮಿಲಿಮೀಟರ್. ಕಂಪನಿ ಹೇಳುವುದು ನಿಧಾನವಾಗಿ, ಅಲೆ ಏಳದಂತೆ ದಾಟಿದರೆ ಎಂದು. ಇಂಜಿನ್ ಉಸಿರೆಳೆಯುವ ದಾರಿಯಲ್ಲಿ ನೀರು ನುಗ್ಗಿದರೆ ಎಷ್ಟು ದೊಡ್ಡ ಇಂಜಿನ್ ಆದರೂ ಅಲ್ಲಿಗೆ ಮುಗಿಯಿತು. ಸಾಮಾನ್ಯ ವಿಮೆಯಲ್ಲಿ ಆ ಹಾನಿಗೆ ಹಣ ಸಿಗುವುದಿಲ್ಲ. ಇಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ಕವರ್ ಬೇರೆಯಾಗಿ ತೆಗೆದಿರಬೇಕು.

“ಸರಿ ಉಪ್ಪ, ಇದೆಲ್ಲ ಖರ್ಚಿನ ವಿಷಯ. ಕಳ್ಳರ ಹೆದರಿಕೆಯಂತೂ ಇಲ್ಲವಲ್ಲ, ಎಲ್ಲ ಕಂಪ್ಯೂಟರ್ ಲಾಕ್” ಎಂದ ಮಗ.

ಅಲ್ಲೇ ಇರುವುದು ಪೆಟ್ಟು. ಈ ಗಾಡಿಗಳ ಕೀಯನ್ನು ತೂರಿಸಿ ತಿರುಗಿಸಬೇಕಾಗಿಲ್ಲ, ಜೇಬಿನಲ್ಲಿದ್ದರೆ ಸಾಕು. ಕೀ ಹತ್ತಿರ ಉಂಟು ಎಂದು ಗಾಡಿಗೆ ತಿಳಿಯುವುದು ರೇಡಿಯೋ ಸಿಗ್ನಲ್‌ನಿಂದ. ಕಳ್ಳರು ಇಬ್ಬರು ಬರುತ್ತಾರೆ. ಒಬ್ಬ ಮನೆಯ ಗೋಡೆಯ ಬಳಿ ಒಂದು ಯಂತ್ರ ಹಿಡಿದು ನಿಲ್ಲುತ್ತಾನೆ, ಇನ್ನೊಬ್ಬ ಗಾಡಿಯ ಬಳಿ. ಒಳಗೆ ಮೇಜಿನ ಮೇಲಿರುವ ಕೀಯ ಸಿಗ್ನಲನ್ನು ಆ ಯಂತ್ರಗಳು ಗಾಡಿಯ ತನಕ ಮುಟ್ಟಿಸುತ್ತವೆ. ಯಜಮಾನರು ಬಂದರೆಂದು ತಿಳಿದು ಗಾಡಿ ಬಾಗಿಲು ತೆರೆಯುತ್ತದೆ. ಗಾಜು ಒಡೆಯುವುದಿಲ್ಲ, ಸದ್ದಿಲ್ಲ.

ಇನ್ನೊಂದು ದಾರಿ ಇನ್ನೂ ಕೆಟ್ಟದ್ದು. 2022ರಲ್ಲಿ ಲಂಡನ್ನಿನಲ್ಲಿ ಇಯಾನ್ ಟೇಬರ್ ಎಂಬವರ ಟೊಯೋಟಾ ಗಾಡಿ ಕಳುವಾಯಿತು. ಅವರ ಉದ್ಯೋಗವೇ ವಾಹನಗಳ ಸೈಬರ್ ಭದ್ರತೆ! ತನ್ನ ಗಾಡಿ ಹೇಗೆ ಹೋಯಿತೆಂದು ಅವರು ಹುಡುಕಿದಾಗ ಗೊತ್ತಾದದ್ದು, ಕಳ್ಳರು ಬಂಪರ್ ಸರಿಸಿ ಹೆಡ್‌ಲೈಟಿನ ವಯರಿಗೆ ಕೈ ಹಾಕಿದ್ದರು ಎಂದು. ಗಾಡಿಯೊಳಗಿನ ಕಂಪ್ಯೂಟರುಗಳೆಲ್ಲ ಒಂದಕ್ಕೊಂದು ಮಾತಾಡುವ ತಂತಿಗೆ ಅಲ್ಲಿಂದಲೇ ನುಗ್ಗಿ “ಸರಿಯಾದ ಕೀ ಇದೆ” ಎಂಬ ಸುಳ್ಳು ಸಂದೇಶ ಕಳಿಸುವುದು. ಕೀಯ ಸಿಗ್ನಲ್ ಕೂಡ ಬೇಕಾಗಿಲ್ಲ. ಈ ಉಪಕರಣವನ್ನು ಮಾರುತ್ತಿದ್ದುದು ಬ್ಲೂಟೂತ್ ಸ್ಪೀಕರಿನ ವೇಷದಲ್ಲಿ.

ಜಪಾನಿನಲ್ಲಿ ಅತಿ ಹೆಚ್ಚು ಕಳುವಾಗುವ ಗಾಡಿಗಳ ಪಟ್ಟಿಯಲ್ಲಿ ಲ್ಯಾಂಡ್ ಕ್ರೂಸರ್ ಪದೇಪದೇ ಮೇಲಿನ ಸಾಲಿನಲ್ಲಿದೆ. 2021ರಲ್ಲಿ ಬಂದ 300 ಮಾಡೆಲ್‌ನ ಕೆಲವು ಗಾಡಿಗಳಿಗೆ ಬೆರಳಚ್ಚು ಕೊಟ್ಟರಷ್ಟೇ ಸ್ಟಾರ್ಟ್ ಆಗುವ ಸ್ವಿಚ್ ಇಟ್ಟರು. ಬ್ರಿಟನ್ನಿನಲ್ಲಿ ರೇಂಜ್ ರೋವರ್‌ಗೆ ವಿಮೆ ಸಿಗುವುದೇ ಕಷ್ಟವಾಗಿ, 2023ರಲ್ಲಿ ಕಂಪನಿಯೇ ತನ್ನ ಗಿರಾಕಿಗಳಿಗೆ ವಿಮೆಯ ವ್ಯವಸ್ಥೆ ಮಾಡಬೇಕಾಯಿತು. ಹೊಸ ಗಾಡಿಗಳಲ್ಲಿ ಸಿಗ್ನಲ್ ಬರಲು ಹಿಡಿದ ಸಮಯ ಅಳೆದು ಕೀ ನಿಜಕ್ಕೂ ಹತ್ತಿರ ಉಂಟೋ ಇಲ್ಲವೋ ಎಂದು ನೋಡುವ ತಂತ್ರ ಬಂದಿದೆ. ಹಳೆಯವಕ್ಕೆ ನಾವೇ ಜಾಗ್ರತೆ ಮಾಡಬೇಕು. ಕೀಯನ್ನು ಬಾಗಿಲ ಬಳಿ ನೇತು ಹಾಕಬಾರದು. ಮುಚ್ಚಿದ ತಗಡಿನ ಡಬ್ಬಿಯಲ್ಲೋ ಸಿಗ್ನಲ್ ತಡೆಯುವ ಚೀಲದಲ್ಲೋ ಇಡಬೇಕು. ಇಟ್ಟ ಮೇಲೆ ಗಾಡಿಯ ಬಳಿ ಕೊಂಡುಹೋಗಿ ಬಾಗಿಲು ತೆರೆಯುತ್ತದೋ ಎಂದು ಪರೀಕ್ಷಿಸಬೇಕು. ಇದರೊಟ್ಟಿಗೆ ಹಳೆಯ ಕಾಲದ ಕಬ್ಬಿಣದ ಸ್ಟಿಯರಿಂಗ್ ಲಾಕ್ ಒಂದು ಹಾಕಿದರೆ ಕಂಪ್ಯೂಟರ್ ಕಳ್ಳನಿಗೂ ಗರಗಸ ಬೇಕಾಗುತ್ತದೆ.

ಕಾಕ ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ. “ಎರಡನೇ ಕೀ ಎಲ್ಲಿ?”

ಮಾರುವವರು ತೋರಿಸಿದ್ದು ಒಂದು ಕೀ ಮಾತ್ರ. ಇನ್ನೊಂದು ಊರಿನ ಮನೆಯಲ್ಲಿದೆ, ಕಳಿಸುತ್ತೇವೆ ಎಂದಿದ್ದರು. ಗಾಡಿ ಕಳುವಾದರೆ ವಿಮಾ ಕಂಪನಿ ಮೊದಲು ಕೇಳುವುದು ಎರಡೂ ಕೀಗಳನ್ನು. ಒಂದಿಲ್ಲದಿದ್ದರೆ ಕ್ಲೇಮ್ ಎಳೆಯುತ್ತದೆ, ಬೀಳಲೂಬಹುದು. ಆ ಇನ್ನೊಂದು ಕೀ ಯಾರ ಜೇಬಿನಲ್ಲಿದೆ ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ.

ಕಾಗದಪತ್ರಗಳ ಪ್ರಶ್ನೆಯೂ ಉಂಟು. 2025ರ ಸೆಪ್ಟೆಂಬರ್‌ನಲ್ಲಿ ಪಕ್ಕದ ಕೇರಳದಲ್ಲಿ ಕಸ್ಟಮ್ಸ್‌ನವರು ‘ಆಪರೇಷನ್ ನುಂಖೋರ್’ ಎಂಬ ಕಾರ್ಯಾಚರಣೆ ನಡೆಸಿದ್ದು ನೆನಪಿರಬಹುದು. ಭೂತಾನಿನಿಂದ ಅಕ್ರಮವಾಗಿ ತಂದು, ಸುಳ್ಳು ದಾಖಲೆಯಲ್ಲಿ ನೋಂದಣಿ ಮಾಡಿಸಿದವು ಎಂಬ ಆರೋಪದಲ್ಲಿ ಲ್ಯಾಂಡ್ ಕ್ರೂಸರ್, ಡಿಫೆಂಡರ್‌ನಂತಹ ಗಾಡಿಗಳನ್ನು ವಶಪಡಿಸಿಕೊಂಡರು. ಹಣ ಕೊಟ್ಟು ಕೊಂಡವರೂ ತನಿಖೆಗೆ ಉತ್ತರ ಕೊಡಬೇಕಾಗಿ ಬಂತು. ಆದ್ದರಿಂದ ಆರ್‌ಸಿಯಲ್ಲಿರುವ ಚಾಸಿಸ್ ನಂಬರನ್ನು ಗಾಡಿಯ ಮೇಲಿನ ನಂಬರಿಗೆ ತಾಳೆ ನೋಡಬೇಕು. ವಾಹನ್ ಪೋರ್ಟಲ್‌ನಲ್ಲಿ ಸಾಲ, ಕೇಸು ಉಂಟಾ ಎಂದು ನೋಡಬೇಕು. ಬೇರೆ ರಾಜ್ಯದ್ದಾದರೆ ಎನ್‌ಒಸಿ ಕೈಗೆ ಸಿಗದೆ ಪೂರ್ತಿ ಹಣ ಕೊಡಬಾರದು. ಕೊಂಡ 14 ದಿನದೊಳಗೆ ವಿಮೆಯನ್ನೂ ನಮ್ಮ ಹೆಸರಿಗೆ ಮಾಡಿಸಲು ಅರ್ಜಿ ಹಾಕಬೇಕು. ಆರ್‌ಸಿ ನಮ್ಮ ಹೆಸರಲ್ಲಿ, ವಿಮೆ ಹಳೆಯವರ ಹೆಸರಲ್ಲಿ ಇದ್ದರೆ ಗಾಡಿ ಹೋದಾಗ ಕೈಗೆ ಏನೂ ಬರುವುದಿಲ್ಲ. ಗಲ್ಫ್‌ನ ಎಡಬದಿ ಸ್ಟಿಯರಿಂಗ್ ಗಾಡಿಯನ್ನು ಇಲ್ಲಿ ಖಾಯಂ ಮಾಡಿಸಿ ಕೊಡುತ್ತೇನೆ ಎನ್ನುವವರ ಮಾತನ್ನಂತೂ ಕೇಳಲೇಬಾರದು.

ಮಗ ಅಷ್ಟರಲ್ಲಿ 50 ಸಾವಿರ ಮುಂಗಡ ಕೊಟ್ಟಾಗಿತ್ತು. ಎರಡು ವಾರ ಕಾದರು. ಇವತ್ತು ಬರ್ತದೆ, ನಾಳೆ ಬರ್ತದೆ ಎಂದರೇ ಹೊರತು ಎರಡನೇ ಕೀ ಬರಲಿಲ್ಲ. ಮತ್ತೆ ಫೋನ್ ಎತ್ತುವುದನ್ನೂ ನಿಲ್ಲಿಸಿದರು. ಮಗ ನಾಚಿಕೊಂಡು ಉಪ್ಪನ ಎದುರು ನಿಂತಾಗ ಕಾಕ ಬೈಯಲಿಲ್ಲ. “ಐವತ್ತು ಸಾವಿರ ಹೋಯ್ತು, ನಲ್ವತ್ತೈದು ಲಕ್ಷ ಉಳೀತು. ಅಲ್‌ಹಮ್ದುಲಿಲ್ಲಾಹ್” ಎಂದರು.

ದೊಡ್ಡ ಗಾಡಿ ಕೊಳ್ಳಬಾರದು ಎಂದು ನಾವು ಹೇಳುತ್ತಿಲ್ಲ. ಅರ್ಬಾಬ್‌ನ ಗಾಡಿಗೆ ಒರಗಿ ಫೋಟೋ ತೆಗೆದವರ ಮಕ್ಕಳು ತಮ್ಮದೇ ಗಾಡಿಯಲ್ಲಿ ಉಪ್ಪ ಉಮ್ಮನನ್ನು ಕೂರಿಸಿಕೊಂಡು ಹೋದರೆ ಯಾರಿಗೆ ಸಂತೋಷವಾಗದು? ಆದರೆ ಆ ಗಾಡಿಗಳ ಒಳಗುಟ್ಟು ಬಲ್ಲವರು ನಮ್ಮ ನಡುವೆಯೇ ಇದ್ದಾರೆ, ಗಲ್ಫ್‌ನ ಗ್ಯಾರೇಜುಗಳಲ್ಲಿ ಆಯುಸ್ಸು ಕಳೆದು ಈಗ ಜಗಲಿಯಲ್ಲಿ ಸುಮ್ಮನೆ ಕುಳಿತಿದ್ದಾರೆ. ಮುಂಗಡ ಕೊಡುವ ಮೊದಲು ಅವರಲ್ಲೊಬ್ಬರನ್ನು ಗಾಡಿ ನೋಡಲು ಕರೆದುಕೊಂಡು ಹೋಗಿ. ನಮ್ಮ ಕಾಕನಂತೂ ಈಗ ತಿಂಗಳಿಗೆ ಎರಡು ಮೂರು ಸಲ ಹೀಗೆ ಹೋಗಿ ಬರುತ್ತಾರೆ. ಹೋದಲ್ಲೆಲ್ಲ ಬಾನೆಟ್ ಎತ್ತುವ ಮೊದಲು ಕೇಳುವುದು ಮಾತ್ರ ಅದೇ ಪ್ರಶ್ನೆ.