ಅಜ್ಜಿ ಕೂತಿರುವ ಬೆಂಚು

ಊಟ ಸೇರುವುದಿಲ್ಲ, ನಿದ್ದೆ ಹತ್ತುವುದಿಲ್ಲ, ಎದೆಯ ಮೇಲೆ ಕಲ್ಲು ಹೇರಿದ ಹಾಗೆ. ಏನಾಗಿದೆ ಎಂದು ಕೇಳಿದರೆ ನಮ್ಮೂರುಗಳ ಹೆಂಗಸರು ‘ಖಿನ್ನತೆ’ ಅನ್ನುವುದಿಲ್ಲ. ‘ಯೋಚನೆ ಜಾಸ್ತಿಯಾಗಿದೆ’ ಅನ್ನುತ್ತಾರೆ. ಜಿಂಬಾಬ್ವೆಯ ಶೋನಾ ಭಾಷೆಯವರು ಹೇಳುವುದೂ ಅದನ್ನೇ. ಅವರ ಮಾತು ‘ಕುಫುಂಗಿಸಿಸ’, ಅಂದರೆ ಅತಿಯಾಗಿ ಯೋಚಿಸುವುದು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಕೈಪಿಡಿಯಲ್ಲೂ ಈ ಪದ ಅನುವಾದವಾಗದೆ, ಇದ್ದ ಹಾಗೆಯೇ ಸೇರಿದೆ. ಹರಾರೆಯ ಒಂದು ಬಡ ಬಡಾವಣೆಯಲ್ಲಿ ಇದೇ ಪದ ಹಿಡಿದು ಅಜ್ಜಿಯರು ಸಾವಿರಾರು ಜನರ ಎದೆಯ ಕಲ್ಲನ್ನು ಇಳಿಸಿದ್ದಾರೆ.

ಬಡಾವಣೆಯ ಹೆಸರು ಎಂಬಾರೆ. ಬಿಳಿಯರ ಆಳ್ವಿಕೆಯಲ್ಲಿ ಕರಿಯ ಕೂಲಿಗಳಿಗೆಂದು ಕಟ್ಟಿದ್ದು. ಒಂಟಿ ಗಂಡಾಳುಗಳಿಗೆ ಮಾಡಿದ ಹಾಸ್ಟೆಲ್ ಕೋಣೆಗಳಲ್ಲಿ ಈಗ ಇಡೀ ಸಂಸಾರಗಳು ವಾಸವಾಗಿವೆ. ಪಕ್ಕದಲ್ಲೇ ದೊಡ್ಡ ತರಕಾರಿ ಮಾರುಕಟ್ಟೆ, ದೂರದೂರಿನ ಬಸ್ಸುಗಳ ನಿಲ್ದಾಣ. 1980ರ ಏಪ್ರಿಲ್‌ನಲ್ಲಿ ಸ್ವತಂತ್ರ ಜಿಂಬಾಬ್ವೆಯ ಬಾವುಟ ಏರಿದ್ದು, ಬಾಬ್ ಮಾರ್ಲಿ ಹಾಡಿದ್ದು ಇಲ್ಲಿನ ರುಫಾರೊ ಮೈದಾನದಲ್ಲೇ. ಆ ಸಂಭ್ರಮ ಕಂಡ ಜನರೇ ಇಪ್ಪತ್ತೈದು ವರ್ಷದ ಮೇಲೆ, 2005ರ ಮೇ ತಿಂಗಳಲ್ಲಿ, ತಮ್ಮದೇ ಸರ್ಕಾರದ ಬುಲ್ಡೋಜರ್‌ಗಳನ್ನೂ ನೋಡಬೇಕಾಯಿತು. ಆ ಕಾರ್ಯಾಚರಣೆಗೆ ಇಟ್ಟ ಹೆಸರು ‘ಮುರಂಬತ್ಸ್ವಿನ’, ಅಂದರೆ ಹೊಲಸು ಒಲ್ಲೆ ಎಂದು. ಹೊಲಸು ಅನ್ನಿಸಿಕೊಂಡದ್ದು ಬಡವರ ಶೆಡ್ಡು, ಗೂಡಂಗಡಿ, ಬೀದಿ ವ್ಯಾಪಾರ. ದೇಶದಾದ್ಯಂತ ಸುಮಾರು 7 ಲಕ್ಷ ಜನ ಮನೆಯನ್ನೋ ಜೀವನೋಪಾಯವನ್ನೋ ಎರಡನ್ನೂ ಒಟ್ಟಿಗೋ ಕಳೆದುಕೊಂಡರು ಎಂದು ವಿಶ್ವಸಂಸ್ಥೆಯ ಪ್ರತಿನಿಧಿಯಾಗಿ ಹೋದ ಅನ್ನಾ ತಿಬೈಜುಕಾ ವರದಿ ಕೊಟ್ಟರು. ಆಗ ಅಲ್ಲಿ ಚಳಿಗಾಲ. ಏಡ್ಸ್ ಆಗಲೇ ಮನೆಮನೆಯ ದುಡಿಯುವ ಜೀವಗಳನ್ನು ಒಯ್ದಿತ್ತು. ಮೊಮ್ಮಕ್ಕಳನ್ನು ಸಾಕುವ ಹೊರೆ ಅಜ್ಜಿಯರ ಮೇಲಿತ್ತು.

ಅದೇ ವರ್ಷ ಡಿಕ್ಸನ್ ಚಿಬಾಂಡಾ ಎಂಬ ಮನೋವೈದ್ಯರ ಬದುಕಿನಲ್ಲಿ ಒಂದು ಸಾವು ನಡೆಯಿತು. ಕೋಟಿಗೂ ಮೀರಿದ ಜನಕ್ಕೆ ಬೆರಳೆಣಿಕೆಯ ಮನೋವೈದ್ಯರಿದ್ದ ದೇಶ ಅದು. ಅವರು ನೋಡಿಕೊಳ್ಳುತ್ತಿದ್ದ ಯುವತಿಯೊಬ್ಬಳು ದೂರದ ಊರಿನಲ್ಲಿ ತನ್ನ ಜೀವ ತಾನೇ ತೆಗೆದುಕೊಂಡಳು. ಮತ್ತೆ ಬಂದು ಕಾಣಬೇಕೆಂದು ಮಾತಾಗಿತ್ತು. ಯಾಕೆ ಕರೆತರಲಿಲ್ಲ ಎಂದು ಕೇಳಿದಾಗ ತಾಯಿ ಕೊಟ್ಟ ಉತ್ತರವನ್ನು ಚಿಬಾಂಡಾ ಮುಂದೆ ಎಷ್ಟೋ ವೇದಿಕೆಗಳಲ್ಲಿ ಹೇಳಿಕೊಂಡಿದ್ದಾರೆ. ಬಸ್ ಚಾರ್ಜಿಗೆ ಬೇಕಿದ್ದ 15 ಡಾಲರ್ ಅವರ ಬಳಿ ಇರಲಿಲ್ಲ. ಕಾಯಿಲೆಯವರು ಬರಲಿ ಎಂದು ಆಸ್ಪತ್ರೆಯಲ್ಲಿ ಕಾಯುವುದು ಸಾಲದು, ತಾನೇ ಅವರಿದ್ದಲ್ಲಿಗೆ ಹೋಗಬೇಕು ಎಂದು ಚಿಬಾಂಡಾ ಅವರಿಗೆ ಅನ್ನಿಸಿದ್ದು ಆಗ.

ಎಂಬಾರೆಯ ಕ್ಲಿನಿಕ್ಕಿನಲ್ಲಿ ಕೊಡಲು ಕೋಣೆ ಇರಲಿಲ್ಲ, ಬಿಡುವಿದ್ದ ನರ್ಸ್ ಇರಲಿಲ್ಲ. ಕೈಗೆ ಸಿಕ್ಕವರು 14 ಮಂದಿ ಅಜ್ಜಿಯರು. ನಗರದ ಆರೋಗ್ಯ ಇಲಾಖೆಗೆ ಮೊದಲಿನಿಂದ ಓಡಾಡಿಕೊಂಡಿದ್ದವರು. ಜನ ಅವರನ್ನು ‘ಅಂಬುಯ ಉತಾನೊ’, ಅಂದರೆ ಆರೋಗ್ಯದ ಅಜ್ಜಿ ಎಂದೇ ಕರೆಯುತ್ತಿದ್ದರು. ಜಾಗವಿಲ್ಲದ್ದಕ್ಕೆ ಕ್ಲಿನಿಕ್ಕಿನ ಅಂಗಳದಲ್ಲಿ, ಮರದ ನೆರಳಿನಲ್ಲಿ ಒಂದು ಬೆಂಚು ಹಾಕಿದರು. ಚಿಬಾಂಡಾ ಅದಕ್ಕೆ ‘ಮಾನಸಿಕ ಆರೋಗ್ಯದ ಬೆಂಚು’ ಎಂದು ಹೆಸರಿಟ್ಟರೆ ಅಜ್ಜಿಯರು ಒಪ್ಪಲಿಲ್ಲ. ಆ ಹೆಸರಿನ ಬೆಂಚಿನ ಮೇಲೆ ನಾಲ್ಕು ಜನ ನೋಡುವಾಗ ಯಾರು ಬಂದು ಕೂರುತ್ತಾರೆ? ಕೊನೆಗೆ ಉಳಿದ ಹೆಸರು ‘ಚಿಗಾರೊ ಚೆಕುಪನಮಜಾನೊ’: ಬುದ್ಧಿಮಾತು ಕೊಟ್ಟು ತೆಗೆದುಕೊಳ್ಳುವ ಪೀಠ. ಹೊರಗಿನವರಿಗೆ ಅದು ಗೆಳೆತನದ ಬೆಂಚು. ಈ ಯೋಜನೆಯ ಜೀವ ಉಳಿದದ್ದು ಆ ಹೆಸರು ಬದಲಾದ ಕ್ಷಣದಲ್ಲಿ ಎಂದೇ ನನ್ನ ನಂಬಿಕೆ. ವೈದ್ಯರು ತಮ್ಮ ಪದವನ್ನು ಬಿಟ್ಟುಕೊಟ್ಟರು, ಕೇರಿ ತನ್ನ ಪದವನ್ನು ಕೊಟ್ಟಿತು.

ಬೆಂಚಿನ ಮೇಲೆ ನಡೆಯುವುದು ಕಾಡುಹರಟೆಯಲ್ಲ. ಮೊದಲು 14 ಪ್ರಶ್ನೆಗಳು, ಹೌದು ಇಲ್ಲವೆಂದು ಹೇಳಿದರೆ ಸಾಕು. ಕಳೆದ ವಾರ ಯೋಚನೆ ಹೆಚ್ಚಾಗಿತ್ತೇ? ಸಣ್ಣಪುಟ್ಟದ್ದಕ್ಕೆ ಸಿಟ್ಟು ಬರುತ್ತಿತ್ತೇ? ಹೊಟ್ಟೆನೋವು? ಕೆಟ್ಟ ಕನಸು? ಬದುಕೇ ಬೇಡ ಅನ್ನಿಸಿತ್ತೇ? ಕೊನೆಯ ಬಗೆಯ ಪ್ರಶ್ನೆಗೆ ಹೌದೆಂದವರನ್ನು ಅಜ್ಜಿ ತನ್ನೊಬ್ಬಳ ಮೇಲೆ ಹಾಕಿಕೊಳ್ಳುವುದಿಲ್ಲ; ಕೂಡಲೇ ಮೇಲಿನವರಿಗೆ ತಿಳಿಸುತ್ತಾಳೆ.

ಆಮೇಲಿನದು ಮೂರು ಮೆಟ್ಟಿಲು, ಮೂರಕ್ಕೂ ಶೋನಾ ಹೆಸರು. ಮೊದಲನೆಯದು ‘ಕುವುರಾ ಪ್ಫುಂಗ್ವಾ’, ಅಂದರೆ ಮನಸ್ಸನ್ನು ತೆರೆಯುವುದು. ನಾವು ‘ಮನಸ್ಸು ಬಿಚ್ಚಿ ಮಾತಾಡು’ ಅನ್ನುತ್ತೇವಲ್ಲ, ಅದೇ. ಒಬ್ಬಾಕೆ ಬಂದಳೆನ್ನಿ. ಗಂಡ ಕೆಲಸ ಕಳೆದುಕೊಂಡಿದ್ದಾನೆ, ಕುಡಿಯುತ್ತಾನೆ, ಬಾಡಿಗೆ ಬಾಕಿ, ಮಗುವಿಗೆ ಶಾಲೆಯ ಫೀಸು ಕಟ್ಟಿಲ್ಲ, ಎಚ್‌ಐವಿ ಇರುವುದನ್ನು ಅತ್ತೆಗೆ ಹೇಳಿಲ್ಲ. ಎಲ್ಲವೂ ಒಂದೇ ಗಂಟಾಗಿ ಕೂತಿದೆ. ಅಜ್ಜಿ ಅದನ್ನು ಎಳೆ ಎಳೆಯಾಗಿ ಬಿಡಿಸಿಡುತ್ತಾಳೆ. ಬಳಿಕ ಕೇಳುತ್ತಾಳೆ: ಇವುಗಳಲ್ಲಿ ಮೊದಲು ಯಾವುದನ್ನು ಹಿಡಿಯೋಣ? ಆರಿಸುವವಳು ಅಜ್ಜಿಯಲ್ಲ, ಬಂದವಳು. ಫೀಸು ಎಂದು ಆಕೆ ಹೇಳಿದರೆ ದಾರಿಗಳನ್ನು ಹುಡುಕುವವಳೂ ಆಕೆಯೇ: ಹೆಡ್‌ಮಾಸ್ಟರನ್ನು ಕಂಡು ಕಂತು ಕೇಳುವುದೋ, ಅಕ್ಕನ ಬಳಿ ಹೋಗುವುದೋ, ಟೊಮೆಟೊ ಮಾರುವುದೋ. ಒಂದನ್ನು ಆರಿಸಿ, ಯಾವ ದಿನ ಮಾಡುತ್ತೇನೆಂದು ಹೇಳಿ ಎದ್ದು ಹೋಗುತ್ತಾಳೆ. ಎರಡನೆಯ ಮೆಟ್ಟಿಲು ‘ಕುಸಿಮುದ್ಜಿರ’, ಮೇಲೆತ್ತುವುದು. ಮೂರನೆಯದು ‘ಕುಸಿಂಬಿಸ’, ಗಟ್ಟಿ ಮಾಡುವುದು. ಒಟ್ಟು ಆರು ಭೇಟಿ. ಮೊದಲನೆಯದು ಸುಮಾರು ಒಂದು ಗಂಟೆ ಹಿಡಿಯುತ್ತದೆ.

ಉಪದೇಶ ಮಾಡದಿರುವುದು ಹಿರಿಯರಿಗೆ ಬಹಳ ಕಷ್ಟ. ‘ನಮ್ಮ ಕಾಲದಲ್ಲಿ’ ಎಂದು ಶುರುವಾಗುವ ಮಾತನ್ನು ನುಂಗಿಕೊಂಡು ಕಿವಿಯಾಗಿ ಕೂರುವುದನ್ನು ಅವರೂ ತರಬೇತಿ ಪಡೆದೇ ಕಲಿಯಬೇಕು. ಆದರೂ ಅಜ್ಜಿಯರು ತಮ್ಮ ಬದುಕನ್ನು ಬಚ್ಚಿಟ್ಟು ಕೂರುವುದಿಲ್ಲ. ಮಗನನ್ನು ಕಳೆದುಕೊಂಡದ್ದು, ತಮಗೂ ಎಚ್‌ಐವಿ ಇರುವುದು ಹೊತ್ತು ನೋಡಿ ಬಾಯಿಗೆ ಬರುತ್ತದೆ. ಪದವಿ ಪಡೆದ ಆಪ್ತಸಮಾಲೋಚಕರಿಗೆ ಹೀಗೆ ಹೇಳಿಕೊಳ್ಳಬಾರದೆಂದು ಕಲಿಸುತ್ತಾರೆ. ಎಂಬಾರೆಯಲ್ಲಿ ನಂಬಿಕೆ ಹುಟ್ಟಿದ್ದು ಹೀಗೆ ಹೇಳಿಕೊಂಡದ್ದರಿಂದಲೇ.

ಒಳ್ಳೆಯ ಮನಸ್ಸಿನ ಎಷ್ಟೋ ಕೆಲಸಗಳು ಲೆಕ್ಕಕ್ಕೆ ನಿಲ್ಲದೆ ಕರಗಿ ಹೋಗುತ್ತವೆ. ಇದು ಲೆಕ್ಕಕ್ಕೆ ನಿಂತಿತು. ಹರಾರೆಯ 24 ಕ್ಲಿನಿಕ್‌ಗಳಲ್ಲಿ 573 ಮಂದಿಯನ್ನು ಎರಡು ಗುಂಪು ಮಾಡಿ ನಡೆಸಿದ ಅಧ್ಯಯನ 2016ರ ಡಿಸೆಂಬರ್‌ನಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಬಂದವರಲ್ಲಿ ಹೆಂಗಸರೇ ಹೆಚ್ಚು, ಶೇ 40ಕ್ಕೂ ಹೆಚ್ಚು ಮಂದಿಗೆ ಎಚ್‌ಐವಿ ಇತ್ತು. ಆರು ತಿಂಗಳಾದ ಮೇಲೆ ನೋಡಿದರೆ ನರ್ಸ್‌ಗಳಿಂದ ಮಾಮೂಲಿಗಿಂತ ತುಸು ಹೆಚ್ಚಿನ ಆರೈಕೆ ಪಡೆದ ಗುಂಪಿನಲ್ಲಿ ಸುಮಾರು ಶೇ 50 ಮಂದಿಗೆ ಖಿನ್ನತೆಯ ಲಕ್ಷಣಗಳಿದ್ದವು. ಅಜ್ಜಿಯರ ಬೆಂಚಿನಲ್ಲಿ ಕೂತವರಲ್ಲಿ ಶೇ 14ಕ್ಕಿಂತ ಕಡಿಮೆ.

ಈ ಕಥೆಗೆ ನಮ್ಮ ಕಡೆಯ ಎಳೆಯೂ ಒಂದಿದೆ. ಆ 14 ಪ್ರಶ್ನೆಗಳ ಪಟ್ಟಿ ಹುಟ್ಟಿದ್ದು ಮುಂಬೈ ಮೂಲದ ಮನೋವೈದ್ಯ ವಿಕ್ರಮ್ ಪಟೇಲ್ ತೊಂಬತ್ತರ ದಶಕದಲ್ಲಿ ಹರಾರೆಯಲ್ಲಿ ಮಾಡಿದ ಕೆಲಸದಿಂದ. ಅವರು ಅಲ್ಲಿಂದ ಬಂದು 1996ರಲ್ಲಿ ಗೋವಾದಲ್ಲಿ ‘ಸಂಗಾತ್’ ಸಂಸ್ಥೆ ಕಟ್ಟಿದವರಲ್ಲಿ ಒಬ್ಬರು. ವೈದ್ಯರಲ್ಲದ ಸಾಮಾನ್ಯರೇ ತರಬೇತಿ ಪಡೆದು ಮನಸ್ಸಿನ ಆರೈಕೆ ಮಾಡಬಲ್ಲರೆಂದು ಅಲ್ಲಿಯೂ ತೋರಿಸಿದರು. ಇನ್ನೂ ಹಿಂದೆ, 1975ರಲ್ಲಿ, ನಿಮ್ಹಾನ್ಸ್ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಸಮುದಾಯ ಮನೋವೈದ್ಯಕೀಯದ ಘಟಕ ತೆರೆದಿತ್ತು. ಊರಿನ ಆರೋಗ್ಯ ಕೇಂದ್ರದ ಸಿಬ್ಬಂದಿಗೇ ತರಬೇತಿ ಕೊಡುವ ಆ ದಾರಿ ಎಂಬತ್ತರ ದಶಕದಲ್ಲಿ ಬಳ್ಳಾರಿಗೆ ಹೋಯಿತು. 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಈಗ ಯಾರು ಬೇಕಾದರೂ ಮಾನಸಿಕ ಆರೋಗ್ಯದ ಸಹಾಯವಾಣಿ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಅದು ದೊಡ್ಡ ಅನುಕೂಲ. ಆದರೆ ಮಗ್ಗುಲಲ್ಲಿ ಕೂತು ಭುಜ ಮುಟ್ಟುವ ಅಜ್ಜಿಯ ಜಾಗವನ್ನು ಫೋನ್ ತುಂಬುವುದಿಲ್ಲ.

ಹರಾರೆಯನ್ನು ಹೊಗಳುವಾಗ ಒಂದು ಮಾತು ನನ್ನನ್ನು ಚುಚ್ಚುತ್ತದೆ. ಕಡಿಮೆ ಖರ್ಚಿನ ಚಿಕಿತ್ಸೆ ಎಂದು ಎಲ್ಲರೂ ಕೊಂಡಾಡುತ್ತಾರೆ. ಖರ್ಚು ಕಡಿಮೆಯಾಗಿರುವುದು ಆ ಹೆಂಗಸರ ದುಡಿಮೆಗೆ ಬೆಲೆ ಕಡಿಮೆ ಕಟ್ಟಿರುವುದರಿಂದಲೂ ಹೌದು. ನಮ್ಮ ಆಶಾ ಕಾರ್ಯಕರ್ತೆಯರು ಗೌರವಧನಕ್ಕಾಗಿ 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ರಾತ್ರಿ ಕಳೆದದ್ದನ್ನು ನೆನೆಯಿರಿ. ನಾಳೆ ನಮ್ಮ ಕೊಳೆಗೇರಿಗಳಲ್ಲೂ ಇಂಥ ಬೆಂಚು ಹಾಕಿ ಅವರನ್ನೇ ಕೂರಿಸುತ್ತೇವೆಂದರೆ, ಕೂಲಿ ಎಷ್ಟು ಎಂಬ ಮಾತು ಬೆಂಚಿಗೆ ಮರ ಕೊಯ್ಯುವ ಮೊದಲೇ ಆಗಬೇಕು. ಇನ್ನೊಂದು ಮಾತು: ಅಜ್ಜಿ ಬಾಡಿಗೆ ಕಟ್ಟಲಾರಳು, ಕೆಡವಿದ ಮನೆಯನ್ನು ಎತ್ತಿ ನಿಲ್ಲಿಸಲಾರಳು. ಬುಲ್ಡೋಜರ್ ಕಳಿಸಿದವರ ಹೊಣೆ ಬೆಂಚಿನಿಂದ ತೀರುವುದಿಲ್ಲ.

ಬೆಂಚು ಈಗ ಜಿಂಬಾಬ್ವೆ ದಾಟಿದೆ. ಮಲಾವಿ, ಜಾಂಜಿಬಾರ್, ನ್ಯೂಯಾರ್ಕ್‌ಗಳಿಗೆ ಹೋಗಿದೆ. 2022ರಲ್ಲಿ ಕತಾರ್‌ನ ಫುಟ್‌ಬಾಲ್ ವಿಶ್ವಕಪ್ ವೇಳೆ 32 ತಂಡಗಳ ಹೆಸರಲ್ಲಿ 32 ಬೆಂಚುಗಳನ್ನೂ ಹಾಕಿದ್ದರು. ನನಗೆ ಹೆಚ್ಚು ಇಷ್ಟವಾಗುವುದು ಎಂಬಾರೆಯಲ್ಲೇ ಬೆಂಚಿನಿಂದ ಎದ್ದವರು ಹೋಗಿ ಸೇರುವ ಇನ್ನೊಂದು ಕೂಟ. ಅದರ ಹೆಸರು ‘ಕುಬತಾನ ತೋಸೆ’, ಎಲ್ಲರೂ ಕೈ ಹಿಡಿಯುವುದು ಎಂದು. ವೃತ್ತವಾಗಿ ಕೂತ ಹೆಂಗಸರು ಹಳೆಯ ಪ್ಲಾಸ್ಟಿಕ್ಕಿನ ಪಟ್ಟಿಗಳನ್ನು ಕ್ರೋಶಾ ಕಡ್ಡಿಯಲ್ಲಿ ಹೆಣೆದು ಚೀಲ ಮಾಡುತ್ತಾರೆ. ಕೈಗೆ ಕೆಲಸವಿದ್ದಾಗ ಕಣ್ಣಿಗೆ ಕಣ್ಣು ಕೊಡದೆಯೂ ಕಷ್ಟ ಹೇಳಿಕೊಳ್ಳಬಹುದು. ಹೊಸಬಳು ಬಂದರೆ ಹೊಲಿಗೆ ಹಾಕುವುದನ್ನು ಪಕ್ಕದವಳೇ ತೋರಿಸಿಕೊಡುತ್ತಾಳೆ. ಚೀಲ ಮಾರಿದ ಕಾಸು ಹೆಣೆದವಳಿಗೆ. ಬಸ್ ಚಾರ್ಜಿಗೆ ಆಗುತ್ತದೆ.