ಸೊಂಟದ ಪುಟ್ಟ ಪಿಸ್ತೂಲು: ನಂಬಿಕೆ ಎಷ್ಟು, ನಿಜ ಎಷ್ಟು

ಅಮೆರಿಕದ ಟೆಕ್ಸಾಸ್‌ನಲ್ಲೋ ಜಾರ್ಜಿಯಾದಲ್ಲೋ ಬಂದೂಕಿನ ಅಂಗಡಿಗೆ ಹೋದರೆ ಗಾಜಿನ ಕಪಾಟಿನಲ್ಲಿ ಅಂಗೈಯಗಲದ ಪಿಸ್ತೂಲುಗಳು ಸಾಲಾಗಿ ಇರುತ್ತವೆ. ಟಾರಸ್ ಜಿ2ಸಿ, ರುಗರ್ ಎಲ್‌ಸಿಪಿ, ಕೆಲ್‌ಟೆಕ್‌ನ ಒಂದೆರಡು ಮಾದರಿ. ಬೆಲೆ ಇನ್ನೂರು ಮುನ್ನೂರು ಡಾಲರ್ ಆಸುಪಾಸು. ಅಂಗಿಯ ಕೆಳಗೆ ಯಾರ ಕಣ್ಣಿಗೂ ಬೀಳದಂತೆ ಸಿಕ್ಕಿಸಿಕೊಳ್ಳಲೆಂದೇ ಮಾಡಿದಂಥವು. ಕೊಂಡವರನ್ನು ಕೇಳಿದರೆ ಹೆಚ್ಚುಕಡಿಮೆ ಒಂದೇ ಉತ್ತರ: ‘ಐನೂರು ಗುಂಡು ಹಾರಿಸಿದ್ದೇನೆ, ಒಂದೂ ಸಿಕ್ಕಿಕೊಂಡಿಲ್ಲ. ಈ ದುಡ್ಡಿಗೆ ಇನ್ನೇನು ಬೇಕು?’ ದುಬಾರಿ ಪಿಸ್ತೂಲು ಇಟ್ಟುಕೊಂಡವರದೂ ಒಂದೇ ಮಾತು: ‘ಜೀವದ ವಿಷಯದಲ್ಲಿ ಕಾಸಿನ ಮುಖ ನೋಡಬಾರದು.’

ಇಬ್ಬರೂ ಮಾತಾಡುತ್ತಿರುವುದು ಬೆಲೆಯ ಬಗ್ಗೆ. ಆದರೆ ಪಿಸ್ತೂಲು ಮನೆಯೊಳಗೆ ತರುವ ಅನಾಹುತಗಳಲ್ಲಿ ಬೆಲೆಯ ಪಾತ್ರ ಬಹಳ ಸಣ್ಣದು. ಅಮೆರಿಕ ಸಾವಿರಾರು ಕನ್ನಡ ಕುಟುಂಬಗಳು ನೆಲೆಸಿರುವ ದೇಶ. ಕೊಳ್ಳುವ ಯೋಚನೆ ಇರುವವರು ಕೊಂಡವರ ಅನುಭವದ ಮಾತನ್ನಷ್ಟೇ ನಂಬಿ ಹೆಜ್ಜೆ ಇಡಬಾರದು ಎಂಬ ಕಾಳಜಿಯಿಂದ ಇದನ್ನು ಬರೆಯುತ್ತಿದ್ದೇನೆ.

‘ಅಗ್ಗದ್ದು ಅಂದರೆ ಕೆಟ್ಟದ್ದು’

ಈ ನಂಬಿಕೆ ಹುಟ್ಟಿದ್ದಕ್ಕೆ ಕಾರಣವಿದೆ. 1968ರ ಬಂದೂಕು ನಿಯಂತ್ರಣ ಕಾಯ್ದೆ ವಿದೇಶದಿಂದ ಸಣ್ಣ, ಅಗ್ಗದ ಪಿಸ್ತೂಲು ತರಿಸುವುದಕ್ಕೆ ತಡೆ ಹಾಕಿತು. ದೇಶದೊಳಗೆ ಅವನ್ನು ತಯಾರಿಸುವುದಕ್ಕೆ ಹಾಕಲಿಲ್ಲ. ಆ ಜಾಗವನ್ನು ತುಂಬಿದ್ದು ಲಾಸ್ ಏಂಜಲೀಸ್ ಸುತ್ತಮುತ್ತಲಿನ ಕಾರ್ಖಾನೆಗಳು: ರೇವನ್, ಜೆನ್ನಿಂಗ್ಸ್, ಡೇವಿಸ್, ಲಾರ್ಸಿನ್, ಬ್ರೈಕೊ. ಉಕ್ಕಿನ ಬದಲು ಸತುವಿನ ಮಿಶ್ರಲೋಹದ ಎರಕ ಹೊಯ್ದು ಇವರು ಲಕ್ಷಗಟ್ಟಲೆ ಪಿಸ್ತೂಲು ಮಾರಿದರು.

ಬ್ರೈಕೊ ಕಂಪನಿಯ ಒಂದು ಮಾದರಿಯಲ್ಲಿ ತುಂಬಿದ ತೋಟಾ ಹೊರತೆಗೆಯಬೇಕಾದರೆ ಪಿಸ್ತೂಲಿನ ಮೇಲೆ ಹಿಂದೆಮುಂದೆ ಸರಿಯುವ ಸ್ಲೈಡನ್ನು ಹಿಂದಕ್ಕೆಳೆಯಬೇಕು; ಸ್ಲೈಡ್ ಹಿಂದೆ ಬರಬೇಕಾದರೆ ಮೊದಲು ಗುಂಡು ಹಾರದಂತೆ ತಡೆಯುವ ಸೇಫ್ಟಿ ತೆಗೆಯಬೇಕು. ಅಂದರೆ ಖಾಲಿ ಮಾಡಲು ಹೊರಟವರು ಗುಂಡು ಹಾರುವ ಸ್ಥಿತಿಗೆ ಅದನ್ನು ತಂದುಕೊಳ್ಳಲೇಬೇಕು. 1994ರಲ್ಲಿ ಕ್ಯಾಲಿಫೋರ್ನಿಯಾದ ಮನೆಯೊಂದರಲ್ಲಿ ಹೀಗೆ ಖಾಲಿ ಮಾಡುವಾಗಲೇ ಗುಂಡು ಹಾರಿ ಏಳು ವರ್ಷದ ಹುಡುಗನಿಗೆ ತಗಲಿತು. ಕತ್ತಿನಿಂದ ಕೆಳಗೆ ಅವನ ಮೈ ಸ್ವಾಧೀನ ತಪ್ಪಿತು. 2003ರಲ್ಲಿ ಜ್ಯೂರಿ ಒಟ್ಟು 5 ಕೋಟಿ ಡಾಲರ್‌ಗೂ ಹೆಚ್ಚಿನ ಪರಿಹಾರ ನಿಗದಿ ಮಾಡಿತು. ಕಂಪನಿ ದಿವಾಳಿ ಅರ್ಜಿ ಹಾಕಿತು. ಆ ಹುಡುಗನ ಬದುಕನ್ನು ಕಸಿದದ್ದು ಅಗ್ಗದ ಲೋಹಕ್ಕಿಂತ ಹೆಚ್ಚಾಗಿ ಆ ಸೇಫ್ಟಿಯ ವಿನ್ಯಾಸ.

ಈಗಿನ ಅಗ್ಗದ ಪಿಸ್ತೂಲುಗಳ ಕತೆ ಬೇರೆ. ಫ್ಲಾರಿಡಾದ ಕೆಲ್‌ಟೆಕ್ ಕಂಪನಿ 1995ರಲ್ಲಿ ಪಿ-11 ಎಂಬ 9 ಎಂ.ಎಂ. ಪಿಸ್ತೂಲು ತಂದಾಗ ಅದರ ಹಿಡಿ ಪಾಲಿಮರ್‌ನದು, ಸ್ಲೈಡು ನಳಿಗೆ ಉಕ್ಕಿನವು. ಅಚ್ಚಿನಲ್ಲಿ ಹೊಯ್ದ ಪ್ಲಾಸ್ಟಿಕ್ ಆದದ್ದರಿಂದ ಖರ್ಚೂ ಕಡಿಮೆ, ತೂಕವೂ ಕಡಿಮೆ. ದುಬಾರಿ ಗ್ಲಾಕ್‌ನ ಚೌಕಟ್ಟೇ ಪಾಲಿಮರ್. ಲೋಹ ನೋಡಿ ಗುಣ ಅಳೆಯುವ ಕಾಲ ಎಂದೋ ಮುಗಿಯಿತು.

‘ದುಡ್ಡು ಹೆಚ್ಚು ಕೊಟ್ಟರೆ ಭಯವಿಲ್ಲ’

ಬ್ರೆಜಿಲ್ ಮೂಲದ ಟಾರಸ್ ಕಂಪನಿಯ ಒಂಬತ್ತು ಮಾದರಿಗಳ ಮೇಲೆ ಅಮೆರಿಕದಲ್ಲಿ ಸಾಮೂಹಿಕ ದಾವೆ ಹೂಡಲಾಯಿತು. ನೆಲಕ್ಕೆ ಬಿದ್ದರೆ ಟ್ರಿಗರ್ ಮುಟ್ಟದೆಯೇ ಗುಂಡು ಹಾರುತ್ತದೆ ಎಂಬುದು ದೂರು. ದಾವೆ ಹೂಡಿದವರು ಅಯೋವಾ ರಾಜ್ಯದ ಒಬ್ಬ ಪೊಲೀಸ್ ಅಧಿಕಾರಿ. ಶಂಕಿತನನ್ನು ಅಟ್ಟಿಸಿಕೊಂಡು ಓಡುವಾಗ ಅವರ ಪಿಸ್ತೂಲು ಕೆಳಗೆ ಬಿದ್ದು ತಾನಾಗಿ ಸಿಡಿದಿತ್ತು. ಕಂಪನಿ ತಪ್ಪೊಪ್ಪಿಕೊಳ್ಳದೆ ರಾಜಿ ಮಾಡಿಕೊಂಡಿತು. ಹತ್ತಿರ ಹತ್ತಿರ ಹತ್ತು ಲಕ್ಷ ಪಿಸ್ತೂಲುಗಳು ಆ ರಾಜಿಯ ವ್ಯಾಪ್ತಿಗೆ ಬಂದವು.

ಇದನ್ನೇ ತೋರಿಸಿ ‘ನೋಡಿ, ಅಗ್ಗದ್ದರ ಹಣೆಬರಹ’ ಎನ್ನುವವರು ಸಿಗ್ ಸಾವರ್ ಪಿ320ರ ಸಂಗತಿಯನ್ನೂ ನೋಡಬೇಕು. ಬೆಲೆಯಲ್ಲಿ ಟಾರಸ್‌ನ ದುಪ್ಪಟ್ಟಿಗೂ ಮೇಲೆ. 2017ರ ಜನವರಿಯಲ್ಲಿ ಅಮೆರಿಕದ ಸೇನೆ ಇದರದೇ ಒಂದು ರೂಪವನ್ನು ಆಯ್ಕೆ ಮಾಡಿಕೊಂಡಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಗೊತ್ತಾದದ್ದು, ನಾಗರಿಕರಿಗೆ ಮಾರಿದ ಪಿಸ್ತೂಲು ಹಿಂಬದಿ ಕೆಳಗಾಗಿ ಒಂದು ಕೋನದಲ್ಲಿ ಬಿದ್ದರೆ ಗುಂಡು ಹಾರಬಹುದು ಎಂಬುದು. ಪಿಸ್ತೂಲು ನೆಲಕ್ಕೆ ಬಡಿದು ಗಕ್ಕನೆ ನಿಂತರೂ ಟ್ರಿಗರ್ ತನ್ನ ತೂಕಕ್ಕೆ ತಾನೇ ಹಿಂದೆ ಸರಿಯುತ್ತಿತ್ತು. ಬೆರಳಿನಿಂದ ಒತ್ತಿದ ಹಾಗೆಯೇ ಆಗುತ್ತಿತ್ತು. ಹಗುರವಾದ ಟ್ರಿಗರ್ ಮತ್ತಿತರ ಬಿಡಿಭಾಗ ಹಾಕಿಕೊಡುವುದಾಗಿ ಕಂಪನಿ ಹೇಳಿತು.

‘ದೋಷವಿದ್ದರೆ ಸರ್ಕಾರ ವಾಪಸ್ ತರಿಸುತ್ತಿತ್ತು’

ಇಲ್ಲ. ಬಹಳ ಮಂದಿಗೆ ಗೊತ್ತಿಲ್ಲದ, ಗೊತ್ತಿರಲೇಬೇಕಾದ ವಿಷಯ ಇದು. ತೊಟ್ಟಿಲು, ಮಿಕ್ಸಿ, ಆಟದ ಬಂದೂಕು ಇವುಗಳಲ್ಲಿ ಅಪಾಯಕಾರಿ ದೋಷ ಕಂಡರೆ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಅವನ್ನು ಹಿಂದಕ್ಕೆ ತರಿಸಬಹುದು. ನಿಜವಾದ ಬಂದೂಕನ್ನು ಆ ಆಯೋಗವನ್ನು ಹುಟ್ಟುಹಾಕಿದ 1972ರ ಕಾಯ್ದೆಯ ವ್ಯಾಪ್ತಿಯಿಂದಲೇ ಹೊರಗಿಡಲಾಗಿದೆ. ಕಂಪನಿ ತಾನಾಗಿ ಕರೆದರೆ ಉಂಟು, ಇಲ್ಲವಾದರೆ ನ್ಯಾಯಾಲಯವೇ ಗತಿ. ರುಗರ್ ಕಂಪನಿ 2008ರಲ್ಲಿ ಎಲ್‌ಸಿಪಿ ಬಿಡುಗಡೆ ಮಾಡಿ ಅದೇ ವರ್ಷ, ಬಿದ್ದರೆ ಸಿಡಿಯಬಹುದೆಂದು ತಾನೇ ವಾಪಸ್ ಕರೆಯಿತು. ಅದು ಮೆಚ್ಚಬೇಕಾದ ನಡೆ. ಆದರೆ ಕೈಯಿಂದ ಕೈಗೆ ಹೋದ ಹಳೇ ಪಿಸ್ತೂಲಿನ ಈಗಿನ ಮಾಲೀಕರಿಗೆ ಆ ಸುದ್ದಿ ಮುಟ್ಟಿದೆಯೇ ಎಂದು ನೋಡುವವರು ಯಾರೂ ಇಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಪಿಸ್ತೂಲಿನ ಮೇಲಿನ ಸೀರಿಯಲ್ ನಂಬರನ್ನು ಕಂಪನಿಗೆ ಕೊಟ್ಟು ಕೇಳುವುದೊಂದೇ ದಾರಿ.

‘ಇಷ್ಟು ಜನ ಚೆನ್ನಾಗಿದೆ ಅನ್ನುತ್ತಿದ್ದಾರಲ್ಲ’

ಅವರು ಸುಳ್ಳು ಹೇಳುತ್ತಿಲ್ಲ. ಸಾವಿರ ಪಿಸ್ತೂಲಿನಲ್ಲಿ ಒಂದರಲ್ಲಿ ದೋಷವಿದೆ ಎಂದುಕೊಳ್ಳೋಣ. ಒಂಬೈನೂರ ತೊಂಬತ್ತೊಂಬತ್ತು ಮಾಲೀಕರು ಪ್ರಾಮಾಣಿಕವಾಗಿಯೇ ಹೊಗಳುತ್ತಾರೆ. ಅವರ ಐನೂರು ಗುಂಡುಗಳು ಹಾರಿದ್ದು ಗುಂಡು ಹಾರಿಸುವ ಅಭ್ಯಾಸದ ರೇಂಜ್‌ನಲ್ಲಿ. ಒರೆಸಿ ಎಣ್ಣೆ ಹಾಕಿದ ಪಿಸ್ತೂಲು, ಗಟ್ಟಿಯಾಗಿ ಹಿಡಿದ ಎರಡು ಕೈ, ಸಾಮಾನ್ಯ ದುಂಡುಮೂತಿಯ ಅಗ್ಗದ ತೋಟಾ. ಮೈಮೇಲೆ ಇಟ್ಟುಕೊಳ್ಳುವಾಗ ತುಂಬುವುದು ಬೇರೆ ಬಗೆಯ, ಮೂತಿಯಲ್ಲಿ ಕುಳಿ ಇರುವ ತೋಟಾ. ಅದು ಆ ಪಿಸ್ತೂಲಿನಲ್ಲಿ ಸರಾಗವಾಗಿ ಹತ್ತುತ್ತದೆಯೇ ಎಂದು ಎಷ್ಟೋ ಜನ ನೋಡಿರುವುದಿಲ್ಲ, ಏಕೆಂದರೆ ಅದು ದುಬಾರಿ. ಜೇಬಿನ ದೂಳು, ಬಟ್ಟೆಯ ನಾರು, ಬೆವರು ಸೇರಿಕೊಂಡ ಪಿಸ್ತೂಲಿನ ಪರೀಕ್ಷೆಯನ್ನಂತೂ ಯಾರೂ ಮಾಡುವುದಿಲ್ಲ. ಬೇಕೆಂದೇ ಯಾರೂ ತುಂಬಿದ ಪಿಸ್ತೂಲನ್ನು ಕೆಳಗೆ ಹಾಕಿ ನೋಡುವುದೂ ಇಲ್ಲ. ಮಾಲೀಕರ ಮಾತಿನಿಂದ ತಿಳಿಯುವುದು ಟ್ರಿಗರ್ ಒತ್ತಿದಾಗ ಗುಂಡು ಹಾರುತ್ತದೆ ಎಂದಷ್ಟೇ. ಒತ್ತದಿದ್ದಾಗ ಹಾರುವುದಿಲ್ಲ ಎಂಬ ಭರವಸೆ ಅದರಲ್ಲಿಲ್ಲ.

‘ಪುಟ್ಟ ಕೈಗೆ ಪುಟ್ಟ ಪಿಸ್ತೂಲು’

ಕೌಂಟರಿನಾಚೆ ನಿಂತವರು ಹೆಂಗಸರಿಗೆ, ವಯಸ್ಸಾದವರಿಗೆ ಹೇಳುವ ಸಲಹೆ ಇದು. ಭೌತಶಾಸ್ತ್ರ ಇದಕ್ಕೆ ಒಪ್ಪುವುದಿಲ್ಲ. ಒಂದೇ ತೋಟಾವನ್ನು ಅರ್ಧ ತೂಕದ ಪಿಸ್ತೂಲಿನಿಂದ ಹಾರಿಸಿದರೆ ಅದು ಹಿಂದಕ್ಕೆ ಒದೆಯುವ ವೇಗ ದುಪ್ಪಟ್ಟು, ಒದೆತದ ಶಕ್ತಿಯೂ ದುಪ್ಪಟ್ಟು. ಎಲ್‌ಸಿಪಿಯ ತೂಕ ಮುನ್ನೂರು ಗ್ರಾಮಿಗೂ ಕಡಿಮೆ. ಹಿಡಿಯಲ್ಲಿ ಎರಡು ಬೆರಳಿಗೆ ಮಾತ್ರ ಜಾಗ. ಕಿರುಬೆರಳು ಗಾಳಿಯಲ್ಲಿ ನೇತಾಡುತ್ತದೆ. ಹಿಂದಿನ ಮುಂದಿನ ಗುರಿಕಣ್ಣುಗಳ ನಡುವೆ ಅಂತರ ಕಡಿಮೆಯಾದಷ್ಟೂ ಕೈ ಕೂದಲೆಳೆಯಷ್ಟು ಅಲುಗಿದರೂ ಗುರಿ ಬಹಳ ತಪ್ಪುತ್ತದೆ. ಮೊದಲ ಸಲ ಹಾರಿಸಿ ಬೆಚ್ಚಿದವರು ಮತ್ತೆ ಅಭ್ಯಾಸಕ್ಕೆ ಹೋಗದೆ, ಪಿಸ್ತೂಲನ್ನು ಕೈಚೀಲಕ್ಕೆ ಹಾಕಿಕೊಂಡು ಓಡಾಡತೊಡಗುತ್ತಾರೆ. ಇದಕ್ಕಿಂತ ಕೆಟ್ಟ ಸ್ಥಿತಿ ಇಲ್ಲ.

ಸ್ಲೈಡ್ ಎಳೆಯುವುದೂ ಹಾಗೆಯೇ. ಸ್ಲೈಡ್ ಹಗುರವಾದಷ್ಟೂ ಅದನ್ನು ಹಿಡಿದಿಡುವ ಸ್ಪ್ರಿಂಗ್ ಬಿಗಿಯಾಗಿರಬೇಕಾಗುತ್ತದೆ. ಕೀಲುನೋವಿನ ಬೆರಳಿಗೆ ಅದು ಜಗ್ಗುವುದಿಲ್ಲ. ಸ್ಮಿತ್ ಆಂಡ್ ವೆಸನ್ ಕಂಪನಿ 2018ರಲ್ಲಿ ಸುಲಭವಾಗಿ ಸ್ಲೈಡ್ ಎಳೆಯಬಲ್ಲ ‘ಶೀಲ್ಡ್ ಈಝಡ್’ ತಂದಾಗ ಅದು ತನ್ನ ಚಿಕ್ಕ ಶೀಲ್ಡ್‌ಗಿಂತ ದೊಡ್ಡದಾಗಿಯೇ ಇತ್ತು.

ಗುಂಡು ದಪ್ಪವಿದ್ದಷ್ಟೂ ಒಳ್ಳೆಯದು ಎಂಬ ಮಾತಿಗೆ ಹೆಚ್ಚು ಹೊತ್ತು ಬೇಡ. 1986ರ ಮಯಾಮಿ ಗುಂಡಿನ ಕಾಳಗದಲ್ಲಿ ಇಬ್ಬರು ಸಿಬ್ಬಂದಿಯನ್ನು ಕಳೆದುಕೊಂಡ ಎಫ್‌ಬಿಐ ದಪ್ಪ ಗುಂಡಿನ ಕಡೆ ಹೋಗಿ, ಹಲವು ವರ್ಷ ಬಳಸಿ, 2010ರ ದಶಕದಲ್ಲಿ 9 ಎಂ.ಎಂ.ಗೇ ಮರಳಿತು. ಹೊಸ ಬಗೆಯ ಗುಂಡುಗಳು ಸಾಕಷ್ಟು ಸುಧಾರಿಸಿದ್ದವು. ಒದೆತ ಕಡಿಮೆ ಇದ್ದಾಗ ಸಿಬ್ಬಂದಿ ಹೆಚ್ಚು ಸರಿಯಾಗಿ ಗುರಿಯಿಡುತ್ತಿದ್ದರು.

‘ಮ್ಯಾಗಜಿನ್ ತೆಗೆದೆ, ಖಾಲಿಯಾಯಿತು’

ಮಲೆನಾಡು, ಕೊಡಗಿನ ಮನೆಗಳಲ್ಲಿ ಕೋವಿ ನೋಡಿ ಬೆಳೆದವರು ಇಲ್ಲಿ ಹೆಚ್ಚು ಎಚ್ಚರದಿಂದಿರಬೇಕು. ಮಡಚುವ ಜೋಡುನಳಿಗೆಯ ಕೋವಿಯನ್ನು ಮಡಚಿದೊಡನೆ ಎರಡು ನಳಿಗೆಯಲ್ಲೂ ತೋಟಾ ಇದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಪಿಸ್ತೂಲು ಹಾಗಲ್ಲ. ಹಿಡಿಯೊಳಗಿನ ಮ್ಯಾಗಜಿನ್ ಕಳಚಿ ಮೇಜಿನ ಮೇಲಿಟ್ಟರೂ ಒಂದು ತೋಟಾ ಆಗಲೇ ನಳಿಗೆಯ ಬುಡದ ಚೇಂಬರಿಗೆ ಏರಿ ಕುಳಿತಿರಬಹುದು, ಹೊರಗಿನಿಂದ ಗೊತ್ತಾಗುವುದಿಲ್ಲ. ಎಷ್ಟೋ ಮಾದರಿಗಳಲ್ಲಿ ಮ್ಯಾಗಜಿನ್ ಇಲ್ಲದೆಯೂ ಆ ಒಂದು ಗುಂಡು ಹಾರುತ್ತದೆ. ಮ್ಯಾಗಜಿನ್ ತೆಗೆದ ಮೇಲೆ ಸ್ಲೈಡ್ ಎಳೆದು, ತೋಟಾ ಹೊರಬಿದ್ದ ಮೇಲೂ ಒಳಗೆ ಕಣ್ಣಿಟ್ಟು, ಬೆರಳಿಟ್ಟು ನೋಡಬೇಕು. ಅದೇ ಕ್ರಮದಲ್ಲಿ. ಮೊದಲು ಸ್ಲೈಡ್ ಎಳೆದು ಆಮೇಲೆ ಮ್ಯಾಗಜಿನ್ ತೆಗೆದರೆ, ಒಂದು ತೋಟಾ ಹೊರಬಂದು ಇನ್ನೊಂದು ಒಳಗೆ ಹೋಗಿರುತ್ತದೆ.

ಅಮೆರಿಕದ ಸಂಸತ್ತಿಗೆ ಲೆಕ್ಕಪರಿಶೋಧನೆ ಮಾಡಿಕೊಡುವ ಸಂಸ್ಥೆ 1991ರಲ್ಲಿ ಆಕಸ್ಮಿಕ ಗುಂಡೇಟಿನ ಸಾವುಗಳನ್ನು ಪರಿಶೀಲಿಸಿತು. ಮಕ್ಕಳಿಗೆ ಹಾರಿಸಲಾಗದಂಥ ವ್ಯವಸ್ಥೆ, ಒಳಗೆ ತೋಟಾ ಇದೆ ಎಂದು ತೋರಿಸುವ ಗುರುತು, ಇವೆರಡು ಇದ್ದಿದ್ದರೆ ಶೇ 31ರಷ್ಟು ಸಾವು ತಪ್ಪುತ್ತಿತ್ತು ಎಂದು ಅದು ಕಂಡುಕೊಂಡಿತು.

‘ಪರವಾನಗಿ ಬೇಡ, ಎಲ್ಲಿಗೆ ಬೇಕಾದರೂ ಒಯ್ಯಬಹುದು’

ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಈಗ ಪರವಾನಗಿ ಇಲ್ಲದೆ ಪಿಸ್ತೂಲನ್ನು ಮರೆಯಾಗಿ ಒಯ್ಯಬಹುದು ಎಂಬುದು ನಿಜ; ಟೆಕ್ಸಾಸ್ 2021ರಲ್ಲಿ, ಜಾರ್ಜಿಯಾ 2022ರಲ್ಲಿ ಆ ಸಾಲಿಗೆ ಸೇರಿದವು. ಆದರೆ ಆ ಹಕ್ಕು ರಾಜ್ಯದ ಗಡಿಯಲ್ಲಿ ನಿಲ್ಲುತ್ತದೆ. ನ್ಯೂಜೆರ್ಸಿ, ನ್ಯೂಯಾರ್ಕ್‌ಗಳಿಗೆ ಅದೇ ಪಿಸ್ತೂಲು ಸೊಂಟದಲ್ಲಿಟ್ಟು ಕಾರಿನಲ್ಲಿ ಹೋದರೆ ಅದು ಜೈಲಿಗೆ ಕಳಿಸಬಲ್ಲ ಅಪರಾಧ. 2022ರ ಜೂನ್‌ನ ಬ್ರೂಯೆನ್ ತೀರ್ಪು ಎಲ್ಲ ಪರವಾನಗಿ ನಿಯಮಗಳನ್ನೂ ರದ್ದು ಮಾಡಿತು ಎಂದು ಹಲವರು ತಿಳಿದಿದ್ದಾರೆ. ಸುಪ್ರೀಂ ಕೋರ್ಟ್ ಹೊಡೆದುಹಾಕಿದ್ದು ‘ನಿನಗೆ ವಿಶೇಷ ಕಾರಣವಿದೆಯೆಂದು ತೋರಿಸು’ ಎಂಬ ನ್ಯೂಯಾರ್ಕ್ ಷರತ್ತನ್ನು. ಪರವಾನಗಿ ಕೇಳುವ ಅಧಿಕಾರ ರಾಜ್ಯಗಳಿಗೆ ಉಳಿದೇ ಇದೆ.

ಕನ್ನಡಿಗರಿಗೆ ಇದಕ್ಕಿಂತ ಮುಖ್ಯವಾದದ್ದು ವೀಸಾದ ಪ್ರಶ್ನೆ. ಎಚ್-1ಬಿ, ಎಫ್-1 ಮುಂತಾದ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಹೊಂದುವಂತಿಲ್ಲ ಎಂಬುದು ಇಡೀ ದೇಶಕ್ಕೆ ಅನ್ವಯಿಸುವ ಕಾನೂನು. ಬೇಟೆಯ ಲೈಸೆನ್ಸ್ ಇದ್ದವರಿಗೆ ಮತ್ತು ಇನ್ನು ಕೆಲವರಿಗೆ ವಿನಾಯಿತಿ ಇದೆ. ಗ್ರೀನ್ ಕಾರ್ಡ್ ಬಂದವರಿಗೆ ಈ ತಡೆ ಇಲ್ಲ. ವಾರಾಂತ್ಯಕ್ಕೆ ಗೆಳೆಯರ ಜೊತೆ ರೇಂಜ್‌ಗೆ ಹೋಗಿ ಬಾಡಿಗೆ ಪಿಸ್ತೂಲು ಹಿಡಿದರೂ, ವಿನಾಯಿತಿ ಇಲ್ಲದವರಿಗೆ ಅದು ಅದೇ ನಿಷೇಧದೊಳಗೆ ಬರುತ್ತದೆ. ಬಂದೂಕಿನ ಅಪರಾಧ ಸಾಬೀತಾದರೆ ಗಡೀಪಾರಿಗೂ ಅದು ಕಾರಣವಾಗಬಲ್ಲದು. ಹತ್ತು ವರ್ಷ ಕಟ್ಟಿದ ಬದುಕನ್ನು ಒಂದು ಶನಿವಾರದ ಮೋಜಿಗೆ ಒತ್ತೆಯಿಡಬೇಡಿ. ಊರಿಗೆ ಮರಳುವಾಗ ಜೊತೆಗೆ ತರಬಹುದು ಎಂಬ ಯೋಚನೆಯೂ ಬೇಡ. ಭಾರತದಲ್ಲಿ 9 ಎಂ.ಎಂ. ನಾಗರಿಕರಿಗೆ ನಿಷೇಧಿತ ಬೋರ್.

ಅಮೆರಿಕದ ವಿಮಾನ ನಿಲ್ದಾಣಗಳ ತಪಾಸಣೆಯಲ್ಲಿ 2023ರಲ್ಲಿ ಸಿಕ್ಕ ಬಂದೂಕುಗಳು 6,737. ಅವುಗಳಲ್ಲಿ ಶೇ 93ರಷ್ಟು ತೋಟಾ ತುಂಬಿದವು. ಸಿಕ್ಕಿಬಿದ್ದವರಲ್ಲಿ ಬಹಳಷ್ಟು ಜನ ಹೇಳುವುದು, ಚೀಲದಲ್ಲಿ ಇದ್ದದ್ದೇ ಮರೆತುಹೋಗಿತ್ತು ಎಂದು. ಇದ್ದದ್ದೇ ಗೊತ್ತಾಗದಷ್ಟು ಹಗುರ ಎಂದು ಮಾಲೀಕರು ಹೊಗಳುವ ಗುಣದ ಇನ್ನೊಂದು ಮಗ್ಗುಲು ಇದು.

‘ಹತ್ತಿರವಿದ್ದರೆ ಧೈರ್ಯ’

2014ರ ಡಿಸೆಂಬರ್ ಕೊನೆಯಲ್ಲಿ ಇಡಾಹೊ ರಾಜ್ಯದ ಒಂದು ಅಂಗಡಿಯಲ್ಲಿ ಯುವ ವಿಜ್ಞಾನಿಯೊಬ್ಬರು ಮಕ್ಕಳೊಂದಿಗೆ ಸಾಮಾನು ಕೊಳ್ಳುತ್ತಿದ್ದರು. ಪಿಸ್ತೂಲಿಗೆಂದೇ ಜಿಪ್ ಇರುವ ಪ್ರತ್ಯೇಕ ಅರೆ ಹೊಲಿದ ಕೈಚೀಲ ಅವರದು, ಹಬ್ಬಕ್ಕೆ ಬಂದ ಉಡುಗೊರೆ. ಲೈಸೆನ್ಸ್ ಇತ್ತು, ಬಂದೂಕಿನ ಅಭ್ಯಾಸವೂ ಇತ್ತು. ತಳ್ಳುಗಾಡಿಯಲ್ಲಿ ಚೀಲದ ಪಕ್ಕ ಕುಳಿತಿದ್ದ ಎರಡು ವರ್ಷದ ಮಗು ಜಿಪ್ ಎಳೆದು ಪಿಸ್ತೂಲು ತೆಗೆಯಿತು. ಒಂದೇ ಗುಂಡು. ತಾಯಿ ಅಲ್ಲೇ ತೀರಿಕೊಂಡರು. ಪಿಸ್ತೂಲು ಕೆಟ್ಟಿರಲಿಲ್ಲ, ಟ್ರಿಗರ್ ಒತ್ತಿದ್ದಕ್ಕೆ ಹಾರಿತು, ಅಷ್ಟೇ.

ಇಂಥ ಸಾವುಗಳು ಸುದ್ದಿಯಾಗುತ್ತವೆ. ಸುದ್ದಿಯಾಗದ ಸಾವುಗಳು ಇದಕ್ಕಿಂತ ಎಷ್ಟೋ ಪಾಲು ಹೆಚ್ಚು. 2021ರಲ್ಲಿ ಅಮೆರಿಕದಲ್ಲಿ ಗುಂಡಿಗೆ ಬಲಿಯಾದವರು 48,830 ಮಂದಿ. ಅವರಲ್ಲಿ 26,328 ಮಂದಿ ತಮ್ಮ ಕೈಯಾರೆ ಜೀವ ಕಳೆದುಕೊಂಡವರು. ಕ್ಯಾಲಿಫೋರ್ನಿಯಾದ ಎರಡೂವರೆ ಕೋಟಿಗೂ ಹೆಚ್ಚು ವಯಸ್ಕರ ದಾಖಲೆಗಳನ್ನು ಹನ್ನೆರಡು ವರ್ಷ ಹಿಂಬಾಲಿಸಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಪಿಸ್ತೂಲಿಲ್ಲದ ಗಂಡಸರಿಗೆ ಹೋಲಿಸಿದರೆ ಪಿಸ್ತೂಲಿದ್ದ ಗಂಡಸರಲ್ಲಿ ಗುಂಡಿನಿಂದ ಆತ್ಮಹತ್ಯೆಯ ಪ್ರಮಾಣ ಸುಮಾರು ಎಂಟು ಪಟ್ಟು, ಹೆಂಗಸರಲ್ಲಿ ಮೂವತ್ತೈದು ಪಟ್ಟು. ಸಾಯಬೇಕೆಂದೇ ಕೊಂಡವರು ಇವರು ಎಂದು ತಳ್ಳಿಹಾಕುವಂತಿಲ್ಲ. ಕೊಂಡ ಕೂಡಲೇ ಅಪಾಯ ತುತ್ತತುದಿಯಲ್ಲಿದ್ದದ್ದು ಹೌದು. ಆದರೆ ಅರ್ಧಕ್ಕಿಂತ ಹೆಚ್ಚು ಸಾವುಗಳು ಕೊಂಡು ವರ್ಷ ಕಳೆದ ಮೇಲೆ ನಡೆದಿದ್ದವು. ಕಳ್ಳನಿಗೆಂದು ತಂದಿಟ್ಟದ್ದು, ಕೆಲಸ ಹೋದ ದಿನವೋ ಸಂಸಾರ ಒಡೆದ ರಾತ್ರಿಯೋ ಕೈಗೆಟುಕುವಂತಿತ್ತು. ಮಾತ್ರೆ ನುಂಗಿದವರಲ್ಲಿ ಬಹುಪಾಲು ಜನ ಬದುಕಿ ಉಳಿಯುತ್ತಾರೆ. ಗುಂಡು ಹಾರಿಸಿಕೊಂಡವರಲ್ಲಿ ಹತ್ತಕ್ಕೆ ಒಬ್ಬರು ಉಳಿದರೆ ಹೆಚ್ಚು.

ಲೈಸೆನ್ಸ್ ಇರುವ ವ್ಯಾಪಾರಿ ಪಿಸ್ತೂಲು ಮಾರುವಾಗ ಬೀಗವನ್ನೋ ಪೆಟ್ಟಿಗೆಯನ್ನೋ ಜೊತೆಗೆ ಕೊಡಲೇಬೇಕೆಂದು 2005ರಿಂದ ಕಾನೂನಿದೆ. ಸಾಮಾನ್ಯವಾಗಿ ಸಿಗುವುದು ಪ್ಲಾಸ್ಟಿಕ್ ಹೊದಿಸಿದ ಒಂದು ಉಕ್ಕಿನ ಹಗ್ಗ, ತುದಿಯಲ್ಲಿ ಪುಟ್ಟ ಬೀಗ. ಸ್ಲೈಡನ್ನು ಹಿಂದಕ್ಕಿಟ್ಟು ಹಗ್ಗವನ್ನು ಒಳಗಿನಿಂದ ಪೋಣಿಸಿ ಬೀಗ ಹಾಕಿದರೆ ಸ್ಲೈಡ್ ಮುಂದಕ್ಕೆ ಬರುವುದಿಲ್ಲ, ತೋಟಾ ಚೇಂಬರಿಗೆ ಏರುವುದಿಲ್ಲ. ಮಕ್ಕಳಿರುವ ಮನೆಯಲ್ಲಿ ಪಿಸ್ತೂಲು ಮೈಮೇಲಿಲ್ಲದ ಹೊತ್ತಿನಲ್ಲೆಲ್ಲ ಆ ಬೀಗ ಬಿದ್ದಿರಬೇಕು, ತೋಟಾ ಬೇರೆ ಕಡೆ ಇರಬೇಕು. ಮನೆಯಲ್ಲಿ ಯಾರಾದರೂ ಮಂಕಾಗಿದ್ದರೆ ಪಿಸ್ತೂಲು ಆ ಮನೆಯಲ್ಲೇ ಇರಬಾರದು. ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಅಂಗಡಿಗಳೂ ಪೊಲೀಸ್ ಠಾಣೆಗಳೂ ಹಲವು ಕಡೆ ಇವೆ. ಅಮೆರಿಕದಲ್ಲಿ ಆತ್ಮಹತ್ಯೆ ತಡೆಯುವ ಸಹಾಯವಾಣಿಯ ಸಂಖ್ಯೆ 988. ಭಾರತದಲ್ಲಿ ಟೆಲಿ ಮಾನಸ್ 14416, ಅಲ್ಲಿ ಕನ್ನಡದಲ್ಲೂ ಮಾತಾಡುತ್ತಾರೆ.